ಹಸಿ ಬೋನ

ಕಳೆದ ವಾರ ಆಸ್ಪತ್ರೆಯಲ್ಲಿ ಅವ್ವನ ಮುರಿದ ಮೊಣಕೈಯ ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರು ‘ಬೋನ್’ ಎಂದಾಗ, ಆ ಸ್ಪಿರಿಟ್ಟಿನ ಘಾಟಿನ ನಡುವೆಯೂ ನನ್ನ ಮೂಗಿಗೆ ಬಂದದ್ದು ಹೊಸ ಮಡಕೆಯಲ್ಲಿ ಬೇಯುವ ಅರಿಶಿನದ ಅನ್ನದ ವಾಸನೆ. ಪುರಾವೆ ಇಲ್ಲದ್ದನ್ನು ನಾನು ನಂಬುವವಳಲ್ಲ; ಚರ್ಚಾಸ್ಪರ್ಧೆಯಲ್ಲಿ ದೇವರ ವಿರುದ್ಧ ಮಾತಾಡಿ ಬಹುಮಾನ ತಂದವಳು. ಆದರೆ ಮೂಗಿನೊಡನೆ ವಾದ ಮಾಡುವುದು ಹೇಗೆ?

ಸೇಡಮ್ಮಿನ ನಮ್ಮ ಮನೆಯ ಅಂಗಳದ ತುಂಬ ಫರಸಿ ಕಲ್ಲು. ಮಧ್ಯಾಹ್ನ ಕಾದು ಕಾಲು ಸುಡುತ್ತಿದ್ದ ಅದೇ ಕಲ್ಲು ಸಂಜೆ ನೀರು ಚಿಮುಕಿಸಿದರೆ ಮಣ್ಣಿನ ಹಾಗೆ ಘಮ್ಮೆನ್ನುತ್ತಿತ್ತು. ಆಷಾಢ ಬಂತೆಂದರೆ ಅಪ್ಪನ ತಾಯಿ, ನಮ್ಮ ಆಯಿ, ಆ ಅಂಗಳದಲ್ಲೇ ಒಲೆ ಹೂಡಿ ಅರಿಶಿನದ ಅನ್ನ ಬೇಯಿಸಿ, ತಲೆಯ ಮೇಲೆ ಸಿಂಬಿ ಇಟ್ಟು, ಮಡಕೆ ಹೊತ್ತು ಊರಾಚೆಯ ಗುಡಿಯ ತಾಯಿಗೆ ಒಯ್ಯುತ್ತಿದ್ದಳು. ಆ ಅನ್ನಕ್ಕೇ ನಮ್ಮಲ್ಲಿ ಬೋನ ಅನ್ನುವುದು. ಆ ಮಡಕೆಗೆ ಬೇರೆ ಯಾರನ್ನೂ ಕೈ ಹಚ್ಚಗೊಡುತ್ತಿರಲಿಲ್ಲ. ಒಂದು ವರ್ಷ ಹಬ್ಬಕ್ಕೆ ಮುಂಚೆ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಆ ಸಲದ ಬೋನ ಅವ್ವನೇ ಮಾಡಿ, ಅವ್ವನೇ ಹೊತ್ತಳು.

ಪಟ್ಟಿ ಬಿಚ್ಚಿಸಲು ಶಹಾಬಾದಿಗೆ ಹೋದಾಗ ಅಲ್ಲಿಯ ಡಾಕ್ಟರು, “ಬೋನ್ ಇನ್ನಾ ಹಸಿ ಅದರಿ ಆಯಿ, ಭಾರ ಎತ್ತಬ್ಯಾಡ್ರಿ” ಎಂದರು. ಆಯಿ ಬಸ್ಸು ಹತ್ತಿ ಕುಳಿತ ಮೇಲೆ ಅವ್ವನ ಕಡೆ ತಿರುಗಿದಳು.

“ಕೇಳಿದೇನು? ಹಸಿ ಬೋನ ಒಯ್ದು ತಾಯಿ ಮುಂದಿಟ್ಟೀದಿ. ನಿನ್ನ ಅಡಿಗಿ ಶಹಾಬಾದ್ ತನಕ ಗೊತ್ತಾಗ್ಯಾದ!”

ಅವ್ವನ ಮುಖ ಬಾಡಿತು. ನನಗೆ ವಾದಕ್ಕೆ ವಿಷಯ ಸಿಕ್ಕಿತು. ಮನೆಗೆ ಬಂದವಳೇ ಶಬ್ದಕೋಶ ತೆಗೆದು, ಬೋನ್ ಎಂದರೆ ಎಲುಬು, ಬ್ಯಾಕ್‌ಬೋನ್ ಎಂದರೆ ಬೆನ್ನೆಲುಬು, ಧೈರ್ಯಕ್ಕೂ ಅದೇ ಮಾತು, ಬೋನ್ ಆಫ್ ಕಂಟೆನ್ಶನ್ ಎಂದರೆ ಇಬ್ಬರು ಜಗ್ಗಾಡುವ ವಿಷಯ, ಎಂದು ಒಂದೊಂದಾಗಿ ಓದಿದೆ.

ಆಯಿ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು. “ಒಂದ ಮಾತಿಗಿ ಅಷ್ಟು ಅರ್ಥ ಅದಾವಂದ್ರ, ನಂದೂ ಒಂದು ಇರಲಿ ಬಿಡು. ನಿನ್ನ ಬುಕ್ಕಿನಾಗ ಜಾಗ ಇಲ್ಲೇನು?”

ನಾನು ಶಬ್ದಕೋಶ ಮುಚ್ಚಿದೆ. ಅವ್ವ ಮಾತ್ರ ಆ ವರ್ಷವಿಡೀ ಅನ್ನ ಬಸಿಯುವ ಮುಂಚೆ ಒಂದಗುಳು ಹಿಚುಕಿ ನೋಡುತ್ತಿದ್ದಳು.

ಮರುವರ್ಷದ ಆಷಾಢಕ್ಕೆ ಆಯಿಯ ಕೈ ಹೆಗಲಿನ ಮೇಲಕ್ಕೆ ಏಳಲೇ ಇಲ್ಲ. ಅವ್ವ ಬೇಯಿಸಿದಳು. ಓಣಿಯ ಹೆಂಗಸರೆಲ್ಲ ನಿಂತಿದ್ದಾಗ ಆಯಿ ಮಡಕೆಯಿಂದ ಒಂದಗುಳು ತೆಗೆದು ಎರಡು ಬೆರಳಲ್ಲಿ ಒತ್ತಿದಳು.

“ಬೆಂದದ,” ಎಂದಳು ಆಯಿ. ಆಮೇಲೆ ತನ್ನ ಸಿಂಬಿಯನ್ನು ಎಡಗೈಯಿಂದ ಅವ್ವನ ತಲೆಯ ಮೇಲಿಟ್ಟು, “ನಡಿ, ಆರಿ ಹೋಗ್ತದ” ಎಂದಳು. ಮಡಕೆ ಹಿಡಿದ ಅವ್ವನಿಗೆ ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಆ ಮನೆ ಈಗಿಲ್ಲ. ಅಂಗಳದ ಫರಸಿಗಳನ್ನು ಯಾರೋ ಎಬ್ಬಿಸಿಕೊಂಡು ಹೋದರು. ಆಯಿಯೂ ಇಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಮಾತು ಇದ್ದೀತು. ಆಡುವವರು ಹೋದ ಮೇಲೆ ಅದರ ಅರ್ಥ ಯಾವ ಕೋಶದಲ್ಲೂ ಸಿಗುವುದಿಲ್ಲ.

“ಏನಂದ್ರ ಡಾಕ್ಟರ್?” ಅವ್ವ ಆಸ್ಪತ್ರೆಯ ಹಾಸಿಗೆಯಿಂದ ಕೇಳಿದಳು.

“ಬೋನ್ ಇನ್ನಾ ಹಸಿ ಅದಂತ.”

ಅವ್ವ ನಕ್ಕಳು. ಬಾಗಿಲ ಕಡೆ ನೋಡಿದಳು.

“ಬೈಲಾಕ ನಮ್ಮತ್ತಿ ಇರಬೇಕಿತ್ತು ನೋಡು.”