ಮೂವತ್ತೊಂದನೆಯ ಪ್ರಶ್ನೆ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಮೆಲ್ಬರ್ನಿನ ಕ್ರಾಯ್ಡನ್ ರೈಲು ನಿಲ್ದಾಣದ ಹಿಂದಿನ ಬಸ್ ತಂಗುದಾಣದಲ್ಲಿ ರೆಂ ತ್ಯಾಲ್ ತೊಡೆಯ ಮೇಲೆ ಬರೆಯುವ ಹಲಗೆ ಇಟ್ಟುಕೊಂಡು ಕೂತಿದ್ದಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿದ್ದೇನೆ. ಜುಲೈ, ಇಲ್ಲಿ ಚಳಿಗಾಲ. ಬಲಗೈ ಗವಸಿನ ಎರಡು ಬೆರಳನ್ನು ಕತ್ತರಿಸಿ ತೆಗೆದಿದ್ದಾರೆ; ಇಲ್ಲದಿದ್ದರೆ ಪೆನ್ನು ನಿಲ್ಲುವುದಿಲ್ಲ. ಹಲಗೆಗೆ ಸಿಕ್ಕಿಸಿದ ಫಾರಂ ಹಲ್ಲಿನದು. ಈ ತಿಂಗಳು ಒಂದು ದಂತ ಚಿಕಿತ್ಸಾಲಯಕ್ಕಾಗಿ ಮನೆಮನೆಯ ಹಲ್ಲುನೋವನ್ನು ಬರೆದುಕೊಳ್ಳುತ್ತಿದ್ದಾರೆ.

ಬಿಳಿ ವ್ಯಾನೊಂದು ಬಂದು ನಿಲ್ಲುತ್ತದೆ. ಕತ್ತಲಿನಿಂದ ಹದಿನಾಲ್ಕು ಹೆಂಗಸರು ಬಂದು ಒಬ್ಬೊಬ್ಬರಾಗಿ ಹತ್ತುತ್ತಾರೆ. ಎಲ್ಲರೂ ಬರ್ಮಾದ ಚಿನ್ ಬೆಟ್ಟಗಳಿಂದ ಬಂದವರು, ಕೋಳಿ ಕಾರ್ಖಾನೆಯಲ್ಲಿ ಮೂಳೆ ಬಿಡಿಸುವ ಕೆಲಸದವರು. ರೆಂ ತ್ಯಾಲ್ ಕೂಡ ಅದೇ ಬೆಟ್ಟದವರು, ಅದೇ ಚರ್ಚಿನವರು. ಆದರೂ ಹದಿಮೂರು ಜನ ಅವರತ್ತ ನೋಡದೆ ಹತ್ತುತ್ತಾರೆ. ಹದಿನಾಲ್ಕನೆಯವಳು ಮೆಟ್ಟಿಲ ಮೇಲೆ ನಿಂತು ಕೇಳುತ್ತಾಳೆ.

"ಪೀ, ಇವತ್ತೇನು ಎಣಿಸ್ತಿದೀರಿ?"

"ಹಲ್ಲು ಕಣಮ್ಮ."

"ನಂದು ಇಪ್ಪತ್ತೊಂಬತ್ತಿದೆ. ಉದುರಿದ್ದು ಎಲ್ಲೆಲ್ಲಿ ಬಿತ್ತು ಅಂತಾನೂ ಬರ್ಕೊಳ್ಳಿ."

ಒಳಗೆ ನಗು. ಬಾಗಿಲು ಜಾರಿ ಮುಚ್ಚುತ್ತದೆ. ರೆಂ ತ್ಯಾಲ್ ಫಾರಮ್ಮಿನಲ್ಲಿ ಏನನ್ನೂ ಬರೆಯುವುದಿಲ್ಲ. ಹೀಗೆ ಚುಚ್ಚಿ ಹೇಳಿದ್ದು ಉತ್ತರವಲ್ಲ ಎಂಬುದು ಅವರ ನಿಯಮ. ಆ ವ್ಯಾನು ಅಲ್ಲಿಗೆ ಬರುತ್ತಿರುವುದು ಅವರಿಂದ ಎನ್ನುವುದು ಒಳಗಿದ್ದ ಹದಿನಾಲ್ಕು ಜನಕ್ಕೂ ಗೊತ್ತು.

ಪೀ ಎಂದರೆ ಅಜ್ಜಿ. ವಯಸ್ಸು ಐವತ್ತನಾಲ್ಕಾದರೂ ಗೌರವಕ್ಕೆ ಎಲ್ಲರೂ ಹಾಗೆಯೇ ಕರೆಯುತ್ತಾರೆ, ಸಿಟ್ಟು ಬಂದವರೂ ಕೂಡ. ಥಾಂಟ್ಲಾಂಗಿನ ಹತ್ತಿರದ ಹಳ್ಳಿ ಬಿಟ್ಟು ಏಳು ವರ್ಷ ಕೌಲಾಲಂಪುರದಲ್ಲಿ ಕಾಗದವಿಲ್ಲದೆ ಬದುಕಿ, ಆಮೇಲೆ ಮೆಲ್ಬರ್ನ್ ನಗರದ ಪೂರ್ವದ ಅಂಚಿಗೆ ಬಂದವರು. ಗಂಡ ಇಲ್ಲಿಗೆ ಬಂದ ಮೂರನೆಯ ವರ್ಷ ಲಕ್ವ ಹೊಡೆದು ತೀರಿಕೊಂಡರು. ಮಕ್ಕಳಿಲ್ಲ. ಕೋಳಿ ಕಾರ್ಖಾನೆಯಲ್ಲಿ ಎರಡು ವರ್ಷ ಕೆಲಸ ಮಾಡಿದ ಮೇಲೆ ಮಣಿಕಟ್ಟು ಕೈಕೊಟ್ಟಿತು. ಹಾಖಾ, ಫಾಲಂ, ಬರ್ಮೀಸ್, ಮಲಯ್ ಮತ್ತು ಕೆಲಸ ನಡೆಯುವಷ್ಟು ಇಂಗ್ಲಿಷ್ ಬರುತ್ತದೆಂದು ಯಾರೋ ಸಮೀಕ್ಷೆಯ ಕೆಲಸಕ್ಕೆ ಹಚ್ಚಿದರು. ಅಂದಿನಿಂದ ಒಂಬತ್ತು ವರ್ಷ ಪ್ರಶ್ನೆ ಕೇಳುತ್ತಲೇ ಇದ್ದಾರೆ. ತುಂಬಿದ ಫಾರಂ ಒಂದಕ್ಕೆ ಹದಿನೆಂಟು ಡಾಲರ್. ಬಾಗಿಲು ತೆರೆಯದಿದ್ದರೆ ಏನೂ ಇಲ್ಲ. ಒಳ್ಳೆಯ ದಿನ ಆರು ಫಾರಂ, ಕೆಟ್ಟ ದಿನ ಒಂದು, ಮಳೆಯ ದಿನ ಬರಿಯ ಒದ್ದೆ ಚಪ್ಪಲಿ.

ಬೆಳಗಿನ ಜಾವವೇ ಏಕೆಂದರೆ ಇಲ್ಲಿನ ಜನ ಆಗ ಮಾತ್ರ ಸಿಗುತ್ತಾರೆ. ಒಂದು ಗುಂಪು ಕೆಲಸಕ್ಕೆ ಹೊರಟಿರುತ್ತದೆ, ಇನ್ನೊಂದು ರಾತ್ರಿಪಾಳಿ ಮುಗಿಸಿ ಮರಳುತ್ತಿರುತ್ತದೆ.

ಈ ಕೆಲಸದ ಕಷ್ಟ ಚಳಿಯಲ್ಲ, ನಡಿಗೆಯಲ್ಲ. ಯಾರ ಮನೆಯ ದುಡಿಮೆ ಎಷ್ಟು, ಯಾರ ಕಂತು ತಪ್ಪಿದೆ, ಯಾರ ಗಂಡ ಆರು ತಿಂಗಳಿಂದ ಮನೆಯಲ್ಲೇ ಕೂತಿದ್ದಾನೆ ಎನ್ನುವುದೆಲ್ಲ ಗೊತ್ತಿರುವ ಮನುಷ್ಯರನ್ನು ಊಟಕ್ಕೆ ಕರೆಯಲು ಜನ ಹಿಂಜರಿಯುತ್ತಾರೆ. ಚರ್ಚು ಮುಗಿದ ಮೇಲೆ ಎಲ್ಲರೂ ಜೋಳದ ಗಂಜಿಯ ಬಟ್ಟಲು ಹಿಡಿದು ಗುಂಪುಗುಂಪಾಗಿ ನಿಂತಾಗ ಪೀ ಹತ್ತಿರ ಬಂದರೆ ಮಾತು ಹವಾಮಾನಕ್ಕೆ ತಿರುಗುತ್ತದೆ. "ನಾನು ಹೋದ ಕಡೆಯೆಲ್ಲ ಮೋಡ, ಮಳೆ. ಬೇರೆ ಸುದ್ದೀನೇ ಕೇಳಿಲ್ಲ ನಾನು," ಎನ್ನುತ್ತಾರೆ. ತಮಾಷೆಗೆಂದೇ ಹೇಳಿದ್ದು, ಆದರೆ ತಾವು ನಗುವುದಿಲ್ಲ.

ವ್ಯಾನಿನ ಸಂಗತಿ ಶುರುವಾದದ್ದು ಕಳೆದ ಅಕ್ಟೋಬರಿನಲ್ಲಿ. ಇಲ್ಲಿ ಬೆಳಿಗ್ಗೆ ಆರಕ್ಕೆ ಮುಂಚೆ ಬಸ್ಸಿಲ್ಲ. ಕೋಳಿ ಕಾರ್ಖಾನೆಗೆ ಹೋಗುವ ಚಿನ್ ಹೆಂಗಸರು ಐವತ್ತು ನಿಮಿಷ ನಡೆಯುತ್ತಿದ್ದರು. ನಿಲ್ದಾಣದ ಹತ್ತಿರದ ಫ್ಲಾಟುಗಳಲ್ಲಿರುವ ಕೊಲಂಬಿಯಾದ ಹೆಂಗಸರು ಶಾಪಿಂಗ್ ಮಾಲಿನ ಕಕ್ಕಸು ತೊಳೆಯಲು ಅದೇ ಹೊತ್ತಿಗೆ ಎದುರು ದಿಕ್ಕಿಗೆ ನಡೆಯುತ್ತಿದ್ದರು. ಬಡಾವಣೆಯ ಸೇವಾ ಕೇಂದ್ರವೊಂದಕ್ಕೆ ಒಂದು ವ್ಯಾನು, ಒಬ್ಬ ಚಾಲಕ, ಒಂದು ವರ್ಷದ ಪೆಟ್ರೋಲು ಸಿಕ್ಕಿತು. ಒಂದೇ ದಾರಿಗೆ ಆಗುವಷ್ಟು. ಯಾವ ಸಮುದಾಯದ ಸ್ಥಿತಿ ಹೆಚ್ಚು ಕಷ್ಟದ್ದೋ ಅವರಿಗೆ ವ್ಯಾನು ಎಂದು ಕೇಂದ್ರ ತೀರ್ಮಾನಿಸಿತು. ಹೋಲಿಸಲು ನಲವತ್ತು ಪ್ರಶ್ನೆಗಳ ಫಾರಂ ಆಯಿತು. ಬರ್ಮಾದವರ ತೊಂಬತ್ತಾರು ಮನೆ, ಕೊಲಂಬಿಯಾದವರ ಎಪ್ಪತ್ತನಾಲ್ಕು. ಎರಡೂ ಕಡೆ ಕೇಳುವ ಕೆಲಸ ರೆಂ ತ್ಯಾಲ್ ಅವರದು. ಸ್ಪ್ಯಾನಿಷ್ ಮಾತಾಡುವ ಕೊಲಂಬಿಯಾದ ಮನೆಗಳಿಗೆ ಜೊತೆಯಾಗಿ ಎಡಿಲ್ಮಾ ಎಂಬುವವರನ್ನು ಕೊಟ್ಟರು.

ಎಡಿಲ್ಮಾ ಕೊಲಂಬಿಯಾದ ತುಂಜಾ ಊರಿನಲ್ಲಿ ಶಾಲೆಯ ಶಿಕ್ಷಕಿಯಾಗಿದ್ದವರು. ಇಲ್ಲಿ ಕಾಗದದ ಮೇಲೆ ವಿದ್ಯಾರ್ಥಿನಿ, ಬೆಳಿಗ್ಗೆ ಮಾಲಿನ ನೆಲ ಒರೆಸುವವರು. ಅವರ ಕಡೆ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ 'ಸುಮೆರ್ಸೆ' ಎನ್ನುತ್ತಾರೆ, ತಾವು ಎಂದ ಹಾಗೆ. ನಿಮ್ಮೂರಲ್ಲಿ ನಾಯಿಗೂ ತಾವು ಅಂತೀರಾ ಎಂದು ಪೀ ಕೇಳಿದ್ದಕ್ಕೆ, ಕಚ್ಚುವ ನಾಯಿಗೆ ತಪ್ಪದೆ ಅಂತೀವಿ ಎಂದರಂತೆ. ಇಬ್ಬರಿಗೂ ಅರ್ಧಂಬರ್ಧ ಬರುವ ಇಂಗ್ಲಿಷಿನಲ್ಲೇ ಮಾತು. ಆರು ವಾರ ಪ್ರತಿದಿನ ಎಡಿಲ್ಮಾ ಅವರ ಕೋಣೆಯಲ್ಲಿ ಬಿಸಿ ಬೆಲ್ಲದ ನೀರು ಕುಡಿದು ಹೊರಡುತ್ತಿದ್ದರು. ಆ ಆರು ವಾರವನ್ನು ಪೀ ಹಬ್ಬದ ಹಾಗೆ ನೆನೆಯುತ್ತಾರೆ.

ಎರಡು ಸಮುದಾಯವನ್ನು ಒಂದೇ ಫಾರಮ್ಮಿನಲ್ಲಿ ಅಳೆಯುವುದು ಸುಲಭವಲ್ಲ ಎಂದು ಅವರಿಗೆ ಬೇಗನೆ ಗೊತ್ತಾಯಿತು. ಮನೆಯಲ್ಲಿ ಎಷ್ಟು ಜನ ಎಂದರೆ ಚಿನ್ ಮನೆಯಾಕೆ ಒಂದು ಪಾತ್ರೆಯಲ್ಲಿ ಉಣ್ಣುವವರನ್ನೆಲ್ಲ ಎಣಿಸುತ್ತಾಳೆ, ಕೌಲಾಲಂಪುರದಲ್ಲಿ ಉಳಿದ ಮೈದುನನನ್ನೂ ಸೇರಿಸಿ. ಕೊಲಂಬಿಯಾದ ನಾಲ್ವರು ಹೆಂಗಸರು ಒಂದೇ ಫ್ಲಾಟಿನಲ್ಲಿದ್ದರೂ ನಾಲ್ವರೂ 'ಒಬ್ಬಳು' ಎಂದೇ ಬರೆಸುತ್ತಾರೆ. ಫ್ರಿಜ್ಜಿನಲ್ಲಿ ನಾಲ್ಕು ಹೆಸರಿನ ನಾಲ್ಕು ಅಂತಸ್ತು. ಚಿನ್ನರಿಗೆ ಸಾಲದ ಮೇಲಾದರೂ ಸ್ವಂತ ಮನೆ, ಖಾಯಂ ಕಾಗದ, ಏಳು ಬಾಯಿಗೆ ಎರಡು ಸಂಬಳ. ಕೊಲಂಬಿಯಾದವರಿಗೆ ಡಿಗ್ರಿ, ತಲೆಗೊಂದು ಸಂಬಳ, ಆದರೆ ವೀಸಾ ಮುಗಿಯುವ ತಾರೀಖು ಗೋಡೆಯ ಮೇಲೆ. ಜ್ವರ ಬಂದರೆ ಚಿನ್ ಮನೆಯಲ್ಲಿ ಹತ್ತು ಜನ ಬಂದು ಕೂರುತ್ತಾರೆ. ಫ್ಲಾಟಿನಲ್ಲಿ ಉಳಿದ ಮೂವರು ಕೆಲಸಕ್ಕೆ ಹೋಗಿರುತ್ತಾರೆ.

ಮೂವತ್ತೊಂದನೆಯ ಪ್ರಶ್ನೆ ಹೀಗಿತ್ತು: ಕಳೆದ ಒಂದು ವರ್ಷದಲ್ಲಿ ಬೇರೆಯವರಿಂದ ಆಹಾರ ಪಡೆದಿದ್ದೀರಾ? ಕೊಲಂಬಿಯಾದವರಲ್ಲಿ ಇಪ್ಪತ್ತೊಂಬತ್ತು ಜನ ಹೌದು ಎಂದರು. ತೊಂಬತ್ತಾರು ಚಿನ್ ಮನೆಗಳಲ್ಲಿ ಒಬ್ಬರೂ ಅನ್ನಲಿಲ್ಲ. ವ್ಯಾನು ಹೆಚ್ಚುಕಡಿಮೆ ಕೊಲಂಬಿಯಾದವರಿಗೆ ಎಂದು ಆಗಿತ್ತು. ಎಡಿಲ್ಮಾ ಖುಷಿಯಲ್ಲಿದ್ದರು.

ಫಾರಂ ಒಪ್ಪಿಸುವ ಹಿಂದಿನ ಭಾನುವಾರ ಎಡಿಲ್ಮಾ ಪೀ ಅವರನ್ನು ಕಾಣಲು ಚರ್ಚಿಗೆ ಬಂದರು. ಹಿಂದಿನ ಕೋಣೆಯಿಂದ ಒಬ್ಬ ಹೆಂಗಸು ಅಕ್ಕಿಯ ಚೀಲ ಹಿಡಿದು ಹೊರಟದ್ದನ್ನು ನೋಡಿ, ಅದೇನೆಂದು ಕೇಳಿದರು. ಪೀ ಸಹಜವಾಗಿ ಹೇಳಿದರು: ಚಿನ್ ಮನೆಗಳಲ್ಲಿ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ಎರಡು ಹೊತ್ತೂ. ಭಾನುವಾರ ಡಬ್ಬಿ ತಂದು ಚರ್ಚಿನ ಡ್ರಮ್ಮಿಗೆ ಸುರಿಯುತ್ತಾರೆ. ಬೇಕಾದವರು ಚೀಲ ತಂದು ತುಂಬಿಸಿಕೊಂಡು ಹೋಗುತ್ತಾರೆ. ಒಯ್ಯುವಾಗ ಯಾರೂ ಅತ್ತ ನೋಡುವುದಿಲ್ಲ. ನೋಡದಿರುವುದೇ ಅಲ್ಲಿನ ಮರ್ಯಾದೆ.

"ಮತ್ತೆ ಮೂವತ್ತೊಂದಕ್ಕೆ ಎಲ್ಲರೂ ಇಲ್ಲ ಅಂದ್ರಲ್ಲ, ಸುಮೆರ್ಸೆ?"

"ಅದು ಪಡೆದಿದ್ದಲ್ಲ. ನಾವು ಹಾಕಿದ್ದೇ ವಾಪಸ್ ಬರೋದು."

"ಹಾಕಿದ್ದು ಒಂದು ಹಿಡಿ. ಅವರು ಒಯ್ತಿರೋದು ಚೀಲ."

ಎಡಿಲ್ಮಾ ಜಾಣತನ ತೋರಿಸಲು ಕೇಳಿದ್ದಲ್ಲ, ಬಾಯಿಗೆ ಬಂದದ್ದು ಕೇಳಿದರು. ಆಡಿದ ಮೇಲೆ ಇಬ್ಬರಿಗೂ ಅದರ ಅರ್ಥವಾಯಿತು: ಈ ಅಕ್ಕಿ ಲೆಕ್ಕಕ್ಕೆ ಬಂದರೆ ವ್ಯಾನು ಕೊಲಂಬಿಯಾದವರ ಕೈತಪ್ಪುತ್ತದೆ. ಪೀ ಹೇಳುತ್ತಾರೆ: "ಯಾರ್‍ಯಾರು ಒಯ್ತಾರೆ ಅಂತ ನಂಗೆ ಗೊತ್ತಿತ್ತು. ಇಷ್ಟು ವರ್ಷದಿಂದ ನೋಡದೇ ಇರೋದನ್ನ ಅಭ್ಯಾಸ ಮಾಡಿದೀನಿ. ಹಾಗಾಗಿ ಬರೆಯುವಾಗಲೂ ಕಾಣಲಿಲ್ಲ. ಹೊರಗಿನೋರು ಕೇಳಿದ್ರೆ ಆ ತಪ್ಪು ಆಗ್ತಿರ್ಲಿಲ್ಲ."

ಸುಮ್ಮನಿರಬಹುದಿತ್ತು. ಹಾಗೆ ಇದ್ದಿದ್ದರೆ ಇವತ್ತು ಅವರಿಗೆ ಒಬ್ಬ ಗೆಳತಿಯಾದರೂ ಉಳಿಯುತ್ತಿದ್ದರು. ಪೀ ಕೇಂದ್ರಕ್ಕೆ ಹೋಗಿ ಫಾರಂ ತಪ್ಪಾಗಿದೆ, ಮತ್ತೆ ಕೇಳಬೇಕು ಎಂದರು. ಎರಡು ವಾರ ಕೊಟ್ಟರು. ಎರಡನೆಯ ಸಲಕ್ಕೆ ದುಡ್ಡಿಲ್ಲ ಎಂದರು. ಪೀ ತೊಂಬತ್ತಾರು ಬಾಗಿಲನ್ನೂ ಮತ್ತೆ ತಟ್ಟಿದರು. ಪ್ರಶ್ನೆಯನ್ನು ಬಿಡಿಸಿ ಕೇಳಿದರು: ಹಿಂದಿನ ಕೋಣೆಯಿಂದ ಅಕ್ಕಿ ತಂದಿದ್ದೀರಾ, ಎಷ್ಟು ಸಲ? ಒಬ್ಬಾಕೆ ಅಳುತ್ತಾ ಬಾಗಿಲು ಹಾಕಿಕೊಂಡಳು. ಇನ್ನೊಬ್ಬಾಕೆ, ಭಿಕ್ಷುಕರ ಪಟ್ಟಿಯಲ್ಲಿ ಮೊದಲ ಹೆಸರು ನಂದೇ ಇರಲಿ ಎಂದು ಪೆನ್ನು ಕಿತ್ತುಕೊಂಡು ತಾನೇ ಬರೆದಳು. ನಲವತ್ತಮೂರು ಮನೆಯವರು ಹೌದು ಎಂದರು.

ಡ್ರಮ್ಮಿನ ಉಸ್ತುವಾರಿ ಚರ್ಚಿನ ಹಿರಿಯ ಪೂ ಲ್ಯಾನ್ ಚುಂಗ್ ಅವರದು; ಪೂ ಎಂದರೆ ಅಜ್ಜ. ಕೂಗಾಡುವ ಮನುಷ್ಯರಲ್ಲ. ಪೀ ಅವರನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿದರಂತೆ: "ನೀನು ಬರೆದಿದ್ದು ಸುಳ್ಳಲ್ಲ ತಂಗಿ. ಆದ್ರೆ ಅದು ಬರೆಯೋ ಅಂಥದ್ದಲ್ಲ."

ಫೆಬ್ರವರಿಯಲ್ಲಿ ವ್ಯಾನು ಚಿನ್ ಹೆಂಗಸರಿಗೆ ಬಂತು. ಎಡಿಲ್ಮಾ ಮತ್ತು ಹದಿನೆಂಟು ಮಂದಿ ಈಗಲೂ ಕತ್ತಲಲ್ಲಿ ನಡೆಯುತ್ತಾರೆ. ಪೀ ಕೂರುವ ತಂಗುದಾಣದ ಮುಂದೆಯೇ ಅವರ ದಾರಿ. ಎಡಿಲ್ಮಾ ಕೈ ಎತ್ತುತ್ತಾರೆ, ನಿಲ್ಲುವುದಿಲ್ಲ. ಸಿಟ್ಟಿದೆಯೇ ಎಂದು ಅವರನ್ನು ಕೇಳಿದೆ. "ಅವರು ಸರಿ ಮಾಡಿದ್ರು. ಸರಿ ಮಾಡಿದೋರ ಜೊತೆ ಕೂತು ಬೆಲ್ಲದ ನೀರು ಕುಡಿಯೋಕೆ ನಂಗೆ ಇನ್ನೂ ಆಗ್ತಿಲ್ಲ," ಎಂದು ಹೇಳಿ ಕೆಲಸಕ್ಕೆ ಹೊತ್ತಾಯಿತೆಂದು ನಡೆದರು.

ವ್ಯಾನು ಬಂದದ್ದನ್ನು ಗೆಲುವು ಎನ್ನಲಾಗದು. ಪಟ್ಟಿಯಾದ ಮೇಲೆ ನಲವತ್ತಮೂರರಲ್ಲಿ ಹನ್ನೊಂದು ಮನೆಯವರು ಅಕ್ಕಿ ಒಯ್ಯುವುದನ್ನು ನಿಲ್ಲಿಸಿದರು. ಅವರ ಕಷ್ಟ ನಿಂತಿರಲಿಲ್ಲ. ಡ್ರಮ್ಮಿನಲ್ಲಿ ಅಕ್ಕಿ ಉಳಿದು ಹುಳ ಬಿತ್ತು. ಆ ಹನ್ನೊಂದು ಮನೆಯಲ್ಲಿ ಒಂದರಲ್ಲಿ ಮೂವರು ಮಕ್ಕಳು, ಒಂದರಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಮುದುಕ. ಪೀಗೆ ಎಲ್ಲವೂ ಗೊತ್ತು; ಬರೆದುಕೊಂಡವರು ಅವರೇ.

ಏಪ್ರಿಲಿನ ಒಂದು ಭಾನುವಾರ, ಪ್ರಾರ್ಥನೆ ಮುಗಿದು ಜನ ಇನ್ನೂ ಏಳುವ ಮುಂಚೆ, ರೆಂ ತ್ಯಾಲ್ ಖಾಲಿ ಚೀಲ ಬಿಡಿಸಿ ಹಿಡಿದು ಸಭೆಯ ನಡುವಿನ ದಾರಿಯಲ್ಲೇ ಹಿಂದಿನ ಕೋಣೆಗೆ ನಡೆದರು. ಈ ದೇಶಕ್ಕೆ ಬಂದ ಮೇಲೆ ಒಮ್ಮೆಯೂ ಅಕ್ಕಿ ಒಯ್ದವರಲ್ಲ. ನಿನಗೆ ಯಾಕೆ ಎಂದು ಪೂ ಲ್ಯಾನ್ ಚುಂಗ್ ಮೆಲ್ಲಗೆ ಕೇಳಿದರು. ಪೀ ಮೆಲ್ಲಗೆ ಹೇಳಲಿಲ್ಲ.

"ತುಂಬಾ ಹಾಕಿ ಅಣ್ಣ. ನಮ್ಮನೇಲಿ ಸಾಲ್ತಿಲ್ಲ."

ಅದು ನಿಜವೇ ಎಂದು ನಾನು ಕೇಳಿದಾಗ ಅವರು ಹಲ್ಲಿನ ಫಾರಂ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಚೀಲವನ್ನು ಹೆಗಲಿಗೇರಿಸಿಕೊಂಡರು. ಒಂದು ಚೀಲದ ಮೂರು ಕಿಲೋ ಅಕ್ಕಿ ಅವರೊಬ್ಬರಿಗೆ ಎರಡು ವಾರಕ್ಕಿಂತ ಹೆಚ್ಚು ಬರುತ್ತದೆ, ಆದರೆ ವಾರವಾರವೂ ಒಯ್ಯುತ್ತಾರೆ. ಉಳಿದದ್ದು ಮುಂದಿನ ಭಾನುವಾರ ಡಬ್ಬಿಯಲ್ಲಿ ವಾಪಸ್ ಬರುತ್ತದೆ. ಕೆಲವರು ನಗುತ್ತಾರೆ. ಅವರ ಗುಂಪಿಗೆ ಪೀ ಹೋದರೆ ಈಗಲೂ ಮೋಡ, ಮಳೆ.

ಪೀ ಅವರ ಆಸೆ ಏನೆಂದು ಕೇಳಿದೆ.

"ಆ ಹನ್ನೊಂದರಲ್ಲಿ ಎರಡು ಮನೆಯೋರು ಅಕ್ಕಿಗೆ ವಾಪಸ್ ಬಂದಿದಾರೆ. ಇನ್ನೂ ಒಂಬತ್ತಿದೆ. ಅವರು ಬರೋವರೆಗೂ ಡ್ರಮ್ಮಿನ ಮುಂದೆ ಮೊದಲು ನಾನೇ ನಿಲ್ತೀನಿ. ನನ್ನನ್ನ ಯಾರೂ ಮಾತಾಡಿಸದಿದ್ರೂ ಪರವಾಗಿಲ್ಲ, ನನ್ನ ಕೈಯ ಚೀಲ ಅವರಿಗೆ ಕಂಡ್ರೆ ಸಾಕು."