ಎರಡೂವರೆ ಲೀಟರಿನ ಎರಡು ಎಂಜಿನ್

ಹುಣಸೂರಿನ ನಮ್ಮ ಶೆಡ್ಡಿಗೆ ಹಳೇ ಜೀಪು ತಂದವರು ಇಳಿಯುತ್ತಲೇ ಹೇಳುತ್ತಿದ್ದದ್ದು ಒಂದೇ ಮಾತು: "ಎರಡೂವರೆ ಲೀಟರ್ ಎಂಜಿನ್ನು." ಅಷ್ಟು ಹೇಳಿದರೆ ಎಲ್ಲ ಹೇಳಿದಂತೆ ಎಂದು ಅವರ ಎಣಿಕೆ. ಅದನ್ನು ಕೇಳಿದರೆ ಅಬ್ಬಾಗೆ, ಅಂದರೆ ನಮ್ಮ ತಂದೆಗೆ, ಮೈಯೆಲ್ಲ ಉರಿಯುತ್ತಿತ್ತು. "ಲೀಟರ್ ಹೇಳೋಕೆ ಇದೇನು ಹಾಲಿನ ಡೈರೀನಾ? ಯಾವ ಮನೆತನದ್ದು ಅದನ್ ಹೇಳ್ರಿ," ಅನ್ನುತ್ತಿದ್ದರು.

ಎಂಜಿನ್ನಿಗೂ ಮನೆತನದ ಹೆಸರಿದೆ. ಎಂಜಿನ್ನಿನ ಮೈಯಾದ ಬ್ಲಾಕಿನ ಪಕ್ಕೆಯಲ್ಲಿ ಮೆತ್ತಿದ ಎಣ್ಣೆಮಣ್ಣು ಕೆರೆದರೆ ಕಾಣುತ್ತದೆ. ನಮ್ಮ ಕಡೆಯ ಡೀಸೆಲ್ ಜೀಪುಗಳಲ್ಲಿ ಹೆಚ್ಚಾಗಿ ಸಿಗುತ್ತಿದ್ದದ್ದು ಎರಡು: ಡಿ.ಐ. ಮತ್ತು ಎಕ್ಸ್‌ಡಿ. ಒಂದು 2523 ಸಿಸಿ, ಇನ್ನೊಂದು 2498. ಬಾಯಿಮಾತಿನಲ್ಲಿ ಎರಡೂ ಎರಡೂವರೆ ಲೀಟರೇ. ಸಿಸಿ ಅಂದರೆ ದೊಡ್ಡ ವಿದ್ಯೆಯೇನಲ್ಲ. ಪಿಸ್ಟನ್ ಓಡಾಡುವ ಕೊಳವೆ ಎಷ್ಟು ಅಗಲ, ಅದರೊಳಗೆ ಪಿಸ್ಟನ್ ಎಷ್ಟು ಉದ್ದ ಏರಿ ಇಳಿಯುತ್ತದೆ, ಅಂಥ ಕೊಳವೆ ಎಷ್ಟಿವೆ, ಅಷ್ಟೂ ಸೇರಿದ ಜಾಗ. ಡಿ.ಐ.ಯದು ಕಿರಿದಾದ ಉದ್ದ ಕೊಳವೆ, ಎಕ್ಸ್‌ಡಿಯದು ಅಗಲವಾದ ಗಿಡ್ಡ ಕೊಳವೆ. ಒಂದು ಲೋಟ, ಒಂದು ಬಟ್ಟಲು. ಹಿಡಿಯುವ ಕಾಫಿ ಹೆಚ್ಚುಕಮ್ಮಿ ಒಂದೇ. ಆದರೆ ಇದರ ಅಳತೆ ಅದಕ್ಕೆ ನಡೆಯುವುದಿಲ್ಲ.

ಸವೆದ ಕೊಳವೆಯನ್ನು ಕೊರೆದು ಅಗಲ ಮಾಡಿ, ಅದಕ್ಕೆ ತಕ್ಕ ದಪ್ಪ ಪಿಸ್ಟನ್ ಕೂರಿಸುವುದು ನನ್ನ ಕೆಲಸ. ಪಿಸ್ಟನ್ನಿಗೂ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು. ಬಿಸಿಗೆ ಪಿಸ್ಟನ್ ಊದಿಕೊಳ್ಳುತ್ತದೆ. ಸಂದು ಸಾಲದೆ ಹೋದರೆ ಗೋಡೆಗೆ ಕಚ್ಚಿಕೊಂಡು, ಓಡುತ್ತಿದ್ದ ಎಂಜಿನ್ ನಿಂತಲ್ಲೇ ಸೀಜ್ ಆಗುತ್ತದೆ. ಈ ಸಂದನ್ನು ನಾವು ಥೌ ಲೆಕ್ಕದಲ್ಲಿ ಹೇಳುತ್ತೇವೆ, ಇಂಚಿನ ಸಾವಿರದಲ್ಲೊಂದು ಪಾಲು. ನಮ್ಮ ಶೆಡ್ಡಿನಲ್ಲಿ ಅಳತೆ ಬರೆದಿಡುವ ಪದ್ಧತಿ ಇರಲಿಲ್ಲ. ಅಬ್ಬಾ ಎಂಜಿನ್ ಮುಟ್ಟಿ ನೋಡಿ ಹೇಳುವುದು, ನಾನು ಗಟ್ಟಿಯಾಗಿ ಒಮ್ಮೆ ತಿರುಗಿ ಹೇಳುವುದು, ಅವರು "ಹೂಂ" ಅನ್ನುವುದು. ಆಮೇಲೆ ಮಿಷನ್ ಶುರು. ಪಿರಿಯಾಪಟ್ಟಣ, ಕೆ.ಆರ್. ನಗರದಿಂದೆಲ್ಲ ಜನ ಬರುತ್ತಿದ್ದದ್ದು ಅವರ ಆ ಮಾತನ್ನು ನಂಬಿಕೊಂಡೇ.

ನಾನೀಗ ಹೇಳುವ ವರ್ಷ ಅಬ್ಬಾಗೆ ಮರೆವು ಶುರುವಾಗಿತ್ತು. ಮಧ್ಯಾಹ್ನದ ನಮಾಜು ಮುಗಿಸಿ ಬಂದವರು ಅರ್ಧ ಗಂಟೆಗೆ ಮತ್ತೆ ಕೈಕಾಲು ತೊಳೆದು ಮಸೀದಿಗೆ ಹೊರಡುತ್ತಿದ್ದರು. ನಾನು ಯಾರಿಗೂ ಹೇಳಲಿಲ್ಲ. ಯಜಮಾನರಿಗೆ ಅರಳುಮರಳು ಅಂತ ಊರಲ್ಲಿ ಸುದ್ದಿಯಾದರೆ ಶೆಡ್ಡಿನ ಬಾಗಿಲು ಹಾಕಿದ ಹಾಗೆಯೇ.

ಎಚ್.ಡಿ. ಕೋಟೆಯ ಡ್ರೈವರೊಬ್ಬ ತನ್ನ ಡಿ.ಐ. ಜೀಪು ತಂದದ್ದು ಆಗ. ಸಂತೆಯ ದಿನ ಹ್ಯಾಂಡ್‌ಪೋಸ್ಟಿನಿಂದ ಅಂತರಸಂತೆಗೆ ಜನ ಕೂರಿಸಿಕೊಂಡು ಓಡಿಸುತ್ತಿದ್ದ, ನನ್ನ ವಯಸ್ಸಿನವನೇ. ಅವತ್ತು ಬೆಳಿಗ್ಗೆ ಅಬ್ಬಾ ಗಿರಾಕಿಗಳ ಎದುರಿಗೇ ನನ್ನನ್ನು ಉಗಿದಿದ್ದರು: "ಇಷ್ಟು ವರ್ಷ ಆಯ್ತು, ನಿನ್ ಕೈಗೆ ಇನ್ನೂ ಅಳತೆ ಹತ್ತಲಿಲ್ಲ." ಎಲ್ಲರೂ ನಕ್ಕರು. ನಲವತ್ತು ದಾಟಿದ ಗಂಡಸು ನಾನು, ಕಿವಿ ಬಿಸಿಯಾಯಿತು. ಆಮೇಲೆ ಅವರು ಜೀಪಿನ ಬ್ಲಾಕು ಸವರಿ ಹೇಳಿದರು: "ಮೂರು ಥೌ ಬಿಡು."

ಮೂರು ಅನ್ನುವುದು ಎಕ್ಸ್‌ಡಿಯ ಅಳತೆ. ನಮ್ಮ ಶೆಡ್ಡಿನಲ್ಲಿ ಡಿ.ಐ.ಗೆ ಐದು ಬಿಡುತ್ತಿದ್ದೆವು. ನನಗೆ ಗೊತ್ತಿತ್ತು. "ಮೂರು ಥೌ," ಅಂತ ತಿರುಗಿ ಹೇಳಿದೆ. ಅವರು ಹೂಂ ಅಂದರು. ಯಾರಿಗೂ ತಿಳಿಯದ ಹಾಗೆ ಐದು ಬಿಡಬಹುದಿತ್ತು, ಬಿಡಲಿಲ್ಲ. ನೀವೇ ಹೇಳಿದ್ದಲ್ಲವಾ, ಅನುಭವಿಸಿ, ಅಂದುಕೊಂಡೆ. ಎಂಜಿನ್ ಬಿಸಿಯಾಗಿ ಜೀಪು ವಾಪಸು ಬರಲಿ, ಎಲ್ಲರೆದುರು ಅವರ ಮುಖ ನೋಡೋಣ ಅಂದುಕೊಂಡೆ.

ಜೀಪು ವಾಪಸು ಬಂದದ್ದು ಲಾರಿಯ ಮೇಲೆ. ಅಂತರಸಂತೆಯ ದಾರಿಯ ತಿರುವಿನಲ್ಲಿ ಎಂಜಿನ್ ಸೀಜ್ ಆಗಿ, ಹಿಂದಿನ ಚಕ್ರ ಕಚ್ಚಿಕೊಂಡು ಜೀಪು ಮರಕ್ಕೆ ಹೊಡೆದಿತ್ತು. ಮುಂದಿನ ಸೀಟಿನಲ್ಲಿದ್ದ, ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು ಅಲ್ಲೇ ಹೋದಳು. ಡ್ರೈವರನ ಬಲಗಾಲನ್ನು ಮೈಸೂರಿನಲ್ಲಿ ಮಂಡಿಯ ಕೆಳಗೆ ಕತ್ತರಿಸಿದರು.

ಆಸ್ಪತ್ರೆಗೆ ಹೋಗಿ ನಾನು ಕೇಳಿದ ಮೊದಲ ಮಾತು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. "ಹೊಸ್ದಾಗಿ ಕೊರೆದ ಎಂಜಿನ್ನು, ನಲವತ್ತರ ಸ್ಪೀಡಿನ ಮೇಲೆ ಓಡಿಸ್ಬೇಡ ಅಂದಿದ್ನಲ್ಲ, ಓಡಿಸಿದ್ಯಾ?" ಯಾವ ಡ್ರೈವರು ಓಡಿಸಿರುವುದಿಲ್ಲ? "ಒಂದೆರಡು ಸಲ ಓಡಿಸ್ಬುಟ್ಟೆ ಭಾಯ್," ಅಂತ ಮಕ್ಕಳ ಹಾಗೆ ಅತ್ತ. ನಾನು ತಲೆಯಾಡಿಸಿ ಎದ್ದು ಬಂದೆ.

ಆರು ತಿಂಗಳಾದ ಮೇಲೆ ಊರುಗೋಲು ಹಿಡಿದು ಶೆಡ್ಡಿಗೆ ಬಂದ. ಬಂದದ್ದು ಅಬ್ಬಾನ ಹತ್ತಿರ ತಪ್ಪೊಪ್ಪಿಕೊಳ್ಳಲು. "ನೀವು ಮಾಡ್ಕೊಟ್ಟ ಎಂಜಿನ್ ಆಳು ಮಾಡ್ಬುಟ್ಟೆ ಯಜಮಾನ್ರೇ, ಮನ್ಸಲ್ಲಿ ಇಟ್ಕಬೇಡಿ," ಅಂದ. ಅಬ್ಬಾಗೆ ಅವನು ಯಾರೆಂದೇ ಗೊತ್ತಾಗಲಿಲ್ಲ. ನಗುತ್ತಾ, ಟೀ ಹೇಳು ಅಂದರು ನನಗೆ. ನನ್ನ ಕೈಲಿ ತಡೆಯಲಾಗಲಿಲ್ಲ. ಅವನನ್ನು ಹೊರಗೆ ಕರೆದುಕೊಂಡು ಹೋಗಿ, ಅಳತೆ ತಪ್ಪಿತ್ತು, ಅಬ್ಬಾಗೆ ಮರೆವು, ನಿಂದೇನೂ ತಪ್ಪಿಲ್ಲ ಅಂದೆ.

ಅವನು ಊರುಗೋಲು ಊರಿಕೊಂಡು ನನ್ನ ಕಡೆ ತಿರುಗಿದ. "ಸತ್ತೋದ್ಲಲ್ಲ, ಆವಮ್ಮನ ಮಗ ನನ್ನ ಕೆನ್ನೆಗೆ ಬಾರಿಸ್ದ ಭಾಯ್. ನಂದೇ ತಪ್ಪಲ್ವಾ ಅಂತ ಕೈಕಟ್ಕೊಂಡು ನಿಂತಿದ್ದೆ. ನಂಗೇಳಿದ್ದನ್ನ ಅವ್ರ ಮನೇಗ್ ಬಂದು ಏಳು," ಅಂದ.

ಇಬ್ಬರೂ ಬಸ್ಸು ಹತ್ತಿ ಹೋದೆವು. ಆ ಹೆಂಗಸಿನ ಗಂಡ, ವಯಸ್ಸಾದವರು, ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಅವರು ಕೇಳಿಸಿಕೊಂಡು, ಮೊದಲು ಡ್ರೈವರನ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ತಪ್ಪಿಲ್ದೆ ನಿಂಗೆ ಕೆನ್ನೆಗೆ ಒಡ್ದುಬುಟ್ವಲ್ಲಪ್ಪಾ," ಅಂತ ಅತ್ತರು. ಅವನೂ ಅತ್ತ. ನನಗೆ ಕೂತ್ಕೋ ಅಂತ ಯಾರೂ ಹೇಳಲಿಲ್ಲ.

ಆಮೇಲೆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದರು.

"ಅಳತೆ ತಪ್ಪು ಅಂತ ಕೊರೆಯೋವಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿಮ್ಮಪ್ಪಂಗೆ ಮರೆವು ಸರಿ. ನಿಂಗೇನಾಗಿತ್ತು?"

"ಸಿಟ್ಟು ಬಂದಿತ್ತು," ಅಂದೆ.