ಅಧ್ಯಕ್ಷರಿಗೆ ಕಂಡ ಕಪಟ ಸನ್ಯಾಸಿ

ಸಿದ್ದಾಪುರದ ಕಡೆಯ ಒಂದು ಹಳ್ಳಿಯ ಸೊಸೈಟಿಗೆ ಕೆರಿಯ ನಾಯ್ಕರು ಹದಿನೈದು ವರ್ಷದಿಂದ ಅಧ್ಯಕ್ಷರು. ಪ್ರತಿ ಸಲವೂ ಅವಿರೋಧ ಆಯ್ಕೆ. ಆ ಕುರ್ಚಿ ಬೇರೆ ಯಾರಿಗೂ ಬೇಕಿರಲಿಲ್ಲ. ಆದರೆ ಊರಿಗೆ ಊರೇ ಅದಕ್ಕೆ ಹೊಂಚು ಹಾಕಿ ಕೂತಿದೆಯೆಂದು ಕೆರಿಯರ ನಂಬಿಕೆ; ಸಿಕ್ಕವರಿಗೆಲ್ಲ ಹಾಗೆ ಹೇಳುತ್ತಲೂ ಇದ್ದರು. ಇಬ್ಬರು ನಿರ್ದೇಶಕರು ಒಟ್ಟಿಗೆ ಚಹಾ ಕುಡಿಯುತ್ತಿದ್ದರೆ ಇವರು ಮೂರನೆಯವರಾಗಿ ಹೋಗಿ ಕೂರುತ್ತಿದ್ದರು.

ಈ ಸಲ ಆಯ್ಕೆಗೆ ವಾರವಿರುವಾಗ ಸೊಸೈಟಿಯ ಸಭಾಂಗಣಕ್ಕೆ ಚಿತ್ತಾರ ಬರೆಸಿದರು. ಮದುವೆ ಮನೆಗಳ ಹಸೆಗೋಡೆ ಬರೆದು ಕೈ ಪಳಗಿದ ದುರ್ಗಿ, ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ, ಸೀತೆಯ ಬಾಗಿಲಿಗೆ ಸನ್ಯಾಸಿಯ ವೇಷದಲ್ಲಿ ಭಿಕ್ಷೆಗೆ ಬಂದ ರಾವಣನನ್ನು ಬರೆದಳು.

ನೋಡಿದವರೆಲ್ಲ ಚೆನ್ನಾಗಿದೆ ಎಂದರು. ಕೆರಿಯರು ಮಾತ್ರ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ರಾವಣನ ತೋಳಿನಲ್ಲಿ ಕೊಡೆ ನೇತಾಡುತ್ತಿತ್ತು. ಬೇಸಿಗೆಯಲ್ಲೂ ತೋಳಿಗೆ ಕೊಡೆ ಸಿಕ್ಕಿಸಿಕೊಂಡು ಮನೆಮನೆ ತಿರುಗುವವರು ಆ ಊರಲ್ಲಿ ತಾವೊಬ್ಬರೇ.

ಇದನ್ನು ಬರೆಯಲು ಹೇಳಿಕೊಟ್ಟವರು ಯಾರೆಂದು ದುರ್ಗಿಯನ್ನು ಮೂರು ದಿನ ವಿಚಾರಿಸಿದರು; ಒಮ್ಮೆ ಗದರಿ, ಒಮ್ಮೆ ಎಲೆಯಡಿಕೆಯ ಕವಳ ಕೊಟ್ಟು. ಸನ್ಯಾಸಿಗೆ ಕೊಡೆ, ಕಮಂಡಲ ಇದ್ದದ್ದೇ ಎಂದಳು ಆಕೆ.

"ಮೂತಿ ಯಾರ್ದು? ಅದು ಹೇಳು."

"ಚಿತ್ತಾರದ ಗೊಂಬೆಗೆ ಕಣ್ಣು ಮೂಗು ಎಲ್ಲಿರ್ತದೆ ಕೆರಿಯಣ್ಣ? ಇಲ್ಲದ ಮೂತಿ ಯಾರ್ದು ಅಂತ ಹೇಳ್ಲಿ?"

ಕೆರಿಯರಿಗೆ ಅದೇ ದೊಡ್ಡ ಸಾಕ್ಷಿಯಾಯಿತು. ಸಿಕ್ಕಿಬೀಳಬಾರದೆಂದೇ ಮುಖ ಬಿಟ್ಟಿದ್ದಾರೆ.

ನಿರ್ದೇಶಕರ ತುರ್ತು ಸಭೆ ಕರೆದರು. ತಮಗೇನೂ ಹೋಲಿಕೆ ಕಾಣುವುದಿಲ್ಲ ಎಂದು ಹತ್ತೂ ಜನ ನಿಜವನ್ನೇ ಹೇಳಿದರು. ಹತ್ತು ಬಾಯಲ್ಲಿ ಒಂದೇ ಮಾತು ಬಂದದ್ದು ಕೇಳಿ ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ಎದ್ದು ಗೋಡೆಯ ಬಳಿ ಹೋಗಿ, ಕೊಡೆಯನ್ನು ತೋಳಿಗೆ ಸಿಕ್ಕಿಸಿ, ಬೆನ್ನು ಸ್ವಲ್ಪ ಬಾಗಿಸಿ, ಕೈ ಚಾಚಿ ರಾವಣನ ಪಕ್ಕದಲ್ಲಿ ನಿಂತರು.

"ಈಗ್ಲಾದ್ರೂ ಕಾಣ್ತದೋ ಇಲ್ವೋ?"

ಕಂಡಿತು. ನಿರ್ದೇಶಕ ಶರಣ ಟವೆಲನ್ನು ಬಾಯಿಗೆ ಒತ್ತಿಕೊಂಡ. ನಿರ್ದೇಶಕಿ ಮಮತಾ ಕಿಟಕಿಯ ಕಡೆ ತಿರುಗಿಕೊಂಡಳು. ಸಂಜೆಯೊಳಗೆ ಗೊಬ್ಬರದ ನೆಪದಲ್ಲಿ ಅರ್ಧ ಊರು ಬಂದು ಗೋಡೆ ನೋಡಿಹೋಯಿತು. ಇಡೀ ಗೋಡೆಗೆ ಮತ್ತೆ ಕೆಮ್ಮಣ್ಣು ಬಳಿದುಬಿಡಲೇ ಎಂದು ದುರ್ಗಿ ಕೇಳಿದಳು. ಬಳಿದರೆ ಆ ರಾವಣ ತಾನೇ ಎಂದು ಒಪ್ಪಿಕೊಂಡಂತೆ ಎಂದು ಕೆರಿಯರು ಬೇಡವೆಂದರು.

ಅಲ್ಲಿಯವರೆಗೆ ಅಂಥ ಯೋಚನೆಯೇ ಇಲ್ಲದ ಶರಣ, ನಾಲ್ಕು ಜನ ಹುರಿದುಂಬಿಸಿದ ಮೇಲೆ ಅಧ್ಯಕ್ಷಗಿರಿಗೆ ನಾಮಪತ್ರ ಹಾಕಿದ. ಏಳು ಮತ ಅವನಿಗೆ ಬಿದ್ದವು, ನಾಲ್ಕು ಇವರಿಗೆ.

ಹೊರಬಂದ ಕೆರಿಯರು ಸೋತವರಂತೆ ಕಾಣಲಿಲ್ಲ. ಜಗುಲಿಯಲ್ಲಿದ್ದ ದುರ್ಗಿಯ ಮುಂದೆ ನಿಂತು ನಿಧಾನಕ್ಕೆ ಹೇಳಿದರು:

"ಹದಿನೈದು ವರ್ಷದಿಂದ ನಾ ಹೇಳ್ತಾ ಇದ್ನಲ್ಲೆ. ಯಾರಾದ್ರೂ ನಂಬಿದ್ರಾ?"